ಆಯಿಯ ಉಪ್ಪು ಮತ್ತು ನಿಮ್ಮ ಉನ್ನತ ಮಟ್ಟ

ವಿದೇಶಿ ಭಾಷಾ ಪರೀಕ್ಷಾ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ನನ್ನ ಪರೀಕ್ಷೆ ನಡೆಸಿ. ಇಲ್ಲವೇ ನನ್ನ ಓದು ಮುಗಿಯಿತೆಂದು ಬರೆದು ಕೊಡಿ. ಮೂರು ವರ್ಷಗಳಿಂದ ಈ ಎರಡರಲ್ಲಿ ಒಂದನ್ನೂ ಮಾಡದೆ ನೀವು ನನ್ನನ್ನು ಸ್ಪ್ಯಾನಿಷ್ ಭಾಷೆಯ ಉನ್ನತ ಮಟ್ಟದ ವಿದ್ಯಾರ್ಥಿನಿಯಾಗಿಯೇ ಕಾಯ್ದಿಟ್ಟಿದ್ದೀರಿ. ಉಪ್ಪಿನಕಾಯಿಯನ್ನು ಕೂಡ ಯಾರೂ ಇಷ್ಟು ಜೋಪಾನ ಮಾಡುವುದಿಲ್ಲ. ನನ್ನ ಜೊತೆಗೆ, ನಿಮಗೇ ಗೊತ್ತಿಲ್ಲದಂತೆ, ಎಪ್ಪತ್ತು ದಾಟಿದ ಒಬ್ಬ ಹೆಣ್ಣುಮಗಳನ್ನು ಸಪ್ಪೆ ಊಟಕ್ಕೆ ಕೂರಿಸಿದ್ದೀರಿ. ಆಕೆ ನನ್ನ ತಂದೆಯ ತಾಯಿ ರಾಜಮತಿ. ನಾವು ಆಯಿ ಎನ್ನುತ್ತೇವೆ. ನನ್ನ ಓದು ಮುಗಿಯುವ ತನಕ ಉಪ್ಪು ಮುಟ್ಟುವುದಿಲ್ಲವೆಂದು ಆಕೆ ಮುನಿಗಳ ಎದುರು ನೇಮ ಹಿಡಿದಿದ್ದಾಳೆ. ಆ ಓದನ್ನು ಮುಗಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ, ನೀವು ಮುಗಿಸುತ್ತಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದು ವಿವರ.

ಚಿಕ್ಕೋಡಿಯಲ್ಲಿ ಸ್ಪ್ಯಾನಿಷ್ ಏಕೆ ಎಂದು ನೀವು ಕೇಳುವಂತಿಲ್ಲ, ಅನುಮತಿ ಕೊಟ್ಟವರು ನೀವೇ. ಆದರೆ ಈ ಪತ್ರಿಕೆಯ ಓದುಗರು ಕೇಳಬಹುದು. ನಮ್ಮ ಕಾಲೇಜಿನ ಆಗಿನ ಅಧ್ಯಕ್ಷರಿಗೆ ಅಥಣಿ ಕಡೆ ದ್ರಾಕ್ಷಿ ತೋಟವಿತ್ತು. 1991ರಲ್ಲಿ ಬೆಳೆಗಾರರ ಯಾವುದೋ ಸಭೆಯಲ್ಲಿ ಯಾರೋ ಅವರ ಕಿವಿಗೊಂದು ಮಾತು ಹಾಕಿದರು. ಯುರೋಪಿನ ಪೇಟೆಯಲ್ಲಿ ನಮ್ಮ ದ್ರಾಕ್ಷಿಗೆ ಅಡ್ಡ ನಿಂತವರು ಚಿಲಿ ದೇಶದವರು, ಅವರ ಮಾತು ಸ್ಪ್ಯಾನಿಷ್ ಎಂಬುದು ಆ ಮಾತು. ಅಧ್ಯಕ್ಷರು ಅವತ್ತೇ ತೀರ್ಮಾನ ಮಾಡಿಬಿಟ್ಟರು. "ಎದರಿಗಿನಾಂವ ಏನ ಮಾತಾಡಾಕತ್ತಾನ ತಿಳೀಲಿಲ್ಲಂದ್ರ ಪ್ಯಾಟ್ಯಾಗ ನಿಂತು ಮಾಡೂದೇನ?" ಎಂದು ಪ್ರವೇಶದ ದಿನ ನಮ್ಮನ್ನೆಲ್ಲ ಕೂರಿಸಿ ಕೇಳಿದರು. ನಾನಿನ್ನೂ ದ್ರಾಕ್ಷಿ ಬಳ್ಳಿಯನ್ನು ಹತ್ತಿರದಿಂದ ನೋಡಿದವಳಲ್ಲ, ಏಕಸಂಬಿಯ ಕಬ್ಬಿನ ಮನೆಯವಳು. ಆದರೂ ಹೆಸರು ಹಚ್ಚಿದೆ. ಬಿ.ಎ. ಜೊತೆಗೆ ಇದನ್ನೂ ಓದಬಹುದಿತ್ತು. ಭೂಮಿಯ ಆಚೆ ಬದಿಯ ಜನ ಹೇಗೆ ಮಾತಾಡುತ್ತಾರೆ ಎಂದು ತಿಳಿಯುವ ಆಸೆ ಇತ್ತು, ಅಷ್ಟೇ. ಹತ್ತೊಂಬತ್ತರ ವಯಸ್ಸಿಗೆ ಅದು ದೊಡ್ಡ ಅಪರಾಧವೇನಲ್ಲ ಎಂದುಕೊಂಡಿದ್ದೇನೆ.

ಕಲಿಸಲು ನಿಪ್ಪಾಣಿಯ ಬಾಬಾಸಾಹೇಬ ಸರ್ ಬಂದರು. ಪುಣೆಯಲ್ಲಿ ಸ್ಪ್ಯಾನಿಷ್ ಓದಿ ಊರಿಗೆ ಮರಳಿ, ತಂದೆಯ ತಂಬಾಕು ಕೂಡಿಡುವ ವಖಾರದಲ್ಲಿ ಕೂತು, ಕಲಿತದ್ದನ್ನು ಯಾರಿಗೆ ಹೇಳಲಿ ಎಂದು ಕಾಯುತ್ತಿದ್ದ ಮನುಷ್ಯ. ಮೊದಲ ದಿನ ತರಗತಿಗೆ ಬಂದು "ಬ್ವೆನಾಸ್ ತಾರ್ದೆಸ್", ಶುಭ ಸಂಜೆ, ಎಂದವರೇ ಕಣ್ಣು ಒರೆಸಿಕೊಂಡರು. ನಾವು ನಕ್ಕೆವು. ಅಂಗಿಯ ತುಂಬ ತಂಬಾಕಿನ ವಾಸನೆ ಇತ್ತು, ಪಾಠ ಮಾತ್ರ ಚೊಕ್ಕ. ಕನ್ನಡದಲ್ಲಿ ಶುರು ಮಾಡಿ, ಮರಾಠಿಯಲ್ಲಿ ಬೈದು, ಸ್ಪ್ಯಾನಿಷಿನಲ್ಲಿ ಮುಗಿಸುತ್ತಿದ್ದರು. ಮೂರೂ ನಮಗೆ ತಿಳಿಯುತ್ತಿದ್ದವು, ಗಡಿಯಲ್ಲಿ ಹುಟ್ಟಿದವರಿಗೆ ಇನ್ನೊಂದು ಭಾಷೆ ಭಾರವೆನಿಸುವುದಿಲ್ಲ.

ಭಾರವೆನಿಸಿದ್ದು ನನ್ನ ತಂದೆ ಜಿನ್ನಪ್ಪನವರಿಗೆ. ಮಗಳು ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ ಬಿ.ಎ. ಓದುವುದನ್ನು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದರು. ಅದರ ಮೇಲೆ ಸಂಜೆಯ ಸ್ಪ್ಯಾನಿಷ್ ತರಗತಿ, ತಡವಾಗುವ ಬಸ್ಸು, ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಬಾಯಿ. ನಮ್ಮ ಜೈನರಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ನಾನು ಬರುವಷ್ಟರಲ್ಲಿ ಕತ್ತಲಾದ ದಿನ ಉಪವಾಸವೇ ಮಲಗುತ್ತಿದ್ದೆ. ಒಂದು ದಿನ ತಂದೆ ಹೇಳಿಬಿಟ್ಟರು: "ಸಾಕಿನ್ನ. ಚಿಲಿ ದೇಶದವ್ರು ನಿನ್ನ ನೋಡಾಕ ಬರೂದಿಲ್ಲ. ನೋಡಾಕ ಬರಾವ್ರು ರಾಯಬಾಗದವ್ರು. ನಾಳಿಂದ ಮನ್ಯಾಗ ಇರು."

ನಾನು ಅತ್ತೆ. ಅದು ಚಾತುರ್ಮಾಸದ ಕಾಲ. ಮಳೆಗಾಲದ ಆ ನಾಲ್ಕು ತಿಂಗಳು ದಿಗಂಬರ ಮುನಿಗಳು ವಿಹಾರ ನಿಲ್ಲಿಸಿ ಒಂದೇ ಊರಿನಲ್ಲಿ ಇರುತ್ತಾರೆ. ಆ ವರ್ಷ ನಮ್ಮ ಬಸದಿಯಲ್ಲಿ ಇದ್ದರು. ಪ್ರವಚನ ಮುಗಿದ ಮೇಲೆ ನಮ್ಮಂಥ ಶ್ರಾವಕ ಗೃಹಸ್ಥರು ಎದ್ದು ನಿಂತು ಏನಾದರೂ ತ್ಯಾಗ ಹೇಳುವುದು ರೂಢಿ. ಒಬ್ಬರು ದೀಪಾವಳಿಯ ತನಕ ಹಾಲು ಬಿಡುತ್ತಾರೆ, ಇನ್ನೊಬ್ಬರು ವರ್ಷದ ಮಟ್ಟಿಗೆ ಸಕ್ಕರೆ ಬಿಡುತ್ತಾರೆ. ಮರುದಿನ ಬೆಳಿಗ್ಗೆ ಆಯಿ ಹೆಂಗಸರ ಸಾಲಿನಿಂದ ಎದ್ದು ಕೈ ಮುಗಿದಳು. ಗಂಡಸರ ಸಾಲಿನಲ್ಲಿ ನನ್ನ ತಂದೆ ಕೂತಿದ್ದರು. ಇಡೀ ಸಮಾಜ ಕೇಳುವಂತೆ ಆಯಿ ಅಂದಳು: "ನನ್ನ ಮೊಮ್ಮಗಳ ಸುಗಂಧಾ ಹಿಡದಿರೂ ಆ ಹೊರದೇಶದ ಭಾಷಾದ ಓದು ಮುಗಸೂ ತನಕಾ ನಾ ಉಪ್ಪ ಬಿಟ್ಟೇನ್ರಿ ಮಹಾರಾಜರ."

ಮುನಿಗಳು ಒಮ್ಮೆಗೇ ಒಪ್ಪಲಿಲ್ಲ. "ಒಂದು ಮಿತಿ ಇಟ್ಟುಕೊಳ್ಳಿ ತಾಯಿ, ಇಂಥ ದಿನದವರೆಗೆ ಎಂದು ಹೇಳಿ" ಎಂದರು. ಆಯಿ ನಕ್ಕಳು. "ಓದಿಗೆ ಮಿತಿ ಇದ್ದ ಇರ್ತೈತಲ್ರಿ. ಬ್ಯಾಸಗ್ಯಾಗ ಪರೀಕ್ಷಾ ಆಗ್ತಾವು, ಮಳಿ ಬರೂದ್ರೊಳಗ ಪಾಸ-ನಪಾಸಿನ ನಿಕಾಲ ಬರ್ತೈತಿ. ಮೂರ ಬ್ಯಾಸಗಿ, ಮುಗದ್ಹೋತು." ಮುನಿಗಳು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿದರು. ಕಾರ್ಯದರ್ಶಿಗಳೇ, ಆ ಗಳಿಗೆಯಲ್ಲಿ ನನ್ನ ಆಯಿ ದೇವರಿಗಿಂತ ಹೆಚ್ಚಾಗಿ ನಿಮ್ಮನ್ನು ನಂಬಿದ್ದಳು. ಪರೀಕ್ಷೆ ಎಂದರೆ ನಡೆದೇ ನಡೆಯುವಂಥದ್ದು, ಸರಕಾರದ ಮೊಹರು ಇದ್ದಲ್ಲಿ ಮಾತಿಗೊಂದು ಕೊನೆ ಇರುತ್ತದೆ ಎಂದು ತಿಳಿದಿದ್ದಳು. ಶಾಲೆಯ ಮೆಟ್ಟಿಲು ಹತ್ತದೆ ಬಸದಿಯಲ್ಲೇ ಅಕ್ಷರ ಕಲಿತ ಹೆಂಗಸಿಗೆ ವಿದ್ಯಾ ಇಲಾಖೆಯ ಮೇಲೆ ಇರುವ ಭಕ್ತಿ ನಮ್ಮಂಥವರಿಗೆ ಎಲ್ಲಿಂದ ಬರಬೇಕು?

ನೇಮ ಹಿಡಿದವರಿಗೆ ಮನೆಯವರು ಅಡ್ಡ ಬರುವಂತಿಲ್ಲ. ತಂದೆ ಬಸದಿಯಿಂದ ಮನೆಗೆ ಬಂದವರೇ ನನ್ನ ಬಸ್ಸಿನ ಪಾಸು ತೆಗೆದು ಕಟ್ಟೆಯ ಮೇಲೆ ಇಟ್ಟು ತೋಟಕ್ಕೆ ಹೋದರು. ನನ್ನನ್ನು ಕಾಲೇಜಿಗೆ ಕಳಿಸಲು ಆಯಿ ಬೇರೆ ದಾರಿ ಕಾಣದೆ ತನ್ನ ತಾಟಿನ ಉಪ್ಪನ್ನೇ ಅಡವಿಟ್ಟಳು. ಅವ್ವ ಅವತ್ತಿನಿಂದ ಆಯಿಗೆ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಾಳೆ. ಸಪ್ಪೆ ಬೇಳೆ, ಸಪ್ಪೆ ಪಲ್ಯ, ಹಾಲು, ರೊಟ್ಟಿ.

ಮೊದಲ ಎರಡು ವರ್ಷ ಎಲ್ಲವೂ ಆಯಿ ಹೇಳಿದಂತೆಯೇ ನಡೆಯಿತು. ಪ್ರಾರಂಭಿಕ ಮಟ್ಟಕ್ಕೆ ಹನ್ನೊಂದು ಜನರಿದ್ದೆವು. ನಿಮ್ಮ ಪರೀಕ್ಷಕರು ಬಂದರು, ಮೌಖಿಕ ಪರೀಕ್ಷೆ ಮಾಡಿದರು, ಅಧ್ಯಕ್ಷರ ತೋಟದ ದ್ರಾಕ್ಷಿ ತಿಂದರು, ಬುಟ್ಟಿ ಕಟ್ಟಿಸಿಕೊಂಡು ಹೋದರು. ಮಾಧ್ಯಮಿಕ ಮಟ್ಟಕ್ಕೆ ಆರು ಜನ ಉಳಿದೆವು. ಆ ವರ್ಷವೂ ಬಂದರು. ಸಂಜೆ ಪಡಸಾಲೆಯಲ್ಲಿ ಕೂತು ನಾನು ಪಾಠ ಒಪ್ಪಿಸುತ್ತಿದ್ದರೆ ಆಯಿ ಜಪಮಾಲೆ ಹಿಡಿದು ಪಕ್ಕದಲ್ಲಿರುತ್ತಿದ್ದಳು. ಚಿಲಿಯಲ್ಲಿ ಈಗ ಮಳೆಗಾಲವೇ, ಅಲ್ಲಿಯೂ ಜೈನರಿದ್ದಾರೆಯೇ, ಅವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಎಂದೆಲ್ಲ ಕೇಳುತ್ತಿದ್ದಳು. ಅವರು ರಾತ್ರಿ ಹತ್ತರ ಮೇಲೆ ಉಣ್ಣುತ್ತಾರೆಂದು ಹೇಳಿದಾಗ ಜಪಮಾಲೆ ತಿರುಗಿಸುವುದನ್ನು ನಿಲ್ಲಿಸಿ, "ಪಾಪ, ಯಾರೂ ಹೇಳಿಲ್ಲ ಅವಕ್ಕ" ಎಂದಳು.

ಮೂರನೆಯ ವರ್ಷ ಅಧ್ಯಕ್ಷರು ಆಡಳಿತ ಮಂಡಳಿಯ ಚುನಾವಣೆಯಲ್ಲಿ ಸೋತರು. ಹೊಸಬರಿಗೆ ಕಬ್ಬು ಗೊತ್ತು, ಚಿಲಿ ಗೊತ್ತಿಲ್ಲ. ದ್ರಾಕ್ಷಿ ಮನೆಗಳ ಹುಡುಗರು ಒಬ್ಬೊಬ್ಬರಾಗಿ ಜಾರಿಕೊಂಡರು. ಉನ್ನತ ಮಟ್ಟಕ್ಕೆ ಉಳಿದವಳು ನಾನೊಬ್ಬಳೇ. ಬಾಬಾಸಾಹೇಬ ಸರ್ ಸಂಬಳ ನಿಂತ ಮೇಲೂ ನಿಪ್ಪಾಣಿಯಿಂದ ಬಂದರು. ಒಬ್ಬಳೇ ವಿದ್ಯಾರ್ಥಿನಿಗೆ ಪಾಠ ಹೇಳುವಾಗ ಬಾಗಿಲು ತೆರೆದಿಟ್ಟು, ಜವಾನ ಲಗಮಣ್ಣನನ್ನು ಹೊಸ್ತಿಲಲ್ಲಿ ಕೂರಿಸಿಕೊಂಡು ಕಲಿಸಿದರು. ಪಠ್ಯ ಪೂರ್ತಿ ಮುಗಿಸಿದರು, ಒಂದು ಪುಟವನ್ನೂ ಬಿಡಲಿಲ್ಲ. 1994ರ ಬೇಸಿಗೆಗೆ ನಾನು ಸಿದ್ಧಳಾಗಿದ್ದೆ. ಪರೀಕ್ಷೆಗಾಗಿ ಕಾದು ಕಾದು ಅವರು ಕೊನೆಗೆ ಪುಣೆಯಲ್ಲಿ ಕೆಲಸ ಹಿಡಿದು ಹೋದರು. "ಪರೀಕ್ಷಾ ಆದ ಮ್ಯಾಲ ನನಗೊಂದು ಕಾಗದಾ ಹಾಕವ್ವಾ" ಎಂದು ಹೇಳಿ ಹೋದ ಅವರಿಗೆ ನಾನಿನ್ನೂ ಕಾಗದ ಹಾಕಿಲ್ಲ.

ಏಕೆಂದರೆ ಆ ಬೇಸಿಗೆ ನಿಮ್ಮ ಕಚೇರಿ ಒಂದು ಸಂಗತಿ ಕಂಡುಹಿಡಿಯಿತು. ಉನ್ನತ ಮಟ್ಟದ ಪರೀಕ್ಷೆ ನಡೆಸಲು ಒಂದು ಕೇಂದ್ರದಲ್ಲಿ ಕನಿಷ್ಠ ಐವರು ಅಭ್ಯರ್ಥಿಗಳು ಬೇಕು. ಒಳ್ಳೆಯದು. ಹಾಗಾದರೆ ಐವರಿರುವ ಬೇರೆ ಕೇಂದ್ರಕ್ಕೆ ಕಳಿಸಿ ಎಂದೆ. ಕೊಲ್ಲಾಪುರದಲ್ಲಿ ಇದ್ದರು, ನಮ್ಮೂರಿಂದ ಬಸ್ಸಿನಲ್ಲಿ ಕೂತರೆ ಎರಡು ತಾಸು ಕೂಡ ಆಗುವುದಿಲ್ಲ. ಅದು ಬೇರೆ ರಾಜ್ಯ, ಸಾಧ್ಯವಿಲ್ಲ ಎಂದಿರಿ. ಸ್ವಾಮಿ, ನಮ್ಮ ಕಬ್ಬು ಆ ಗಡಿ ದಾಟುತ್ತದೆ. ನಿಪ್ಪಾಣಿಯ ತಂಬಾಕು ದಾಟುತ್ತದೆ. ನನ್ನ ಅವ್ವ ಆ ಗಡಿ ದಾಟಿಯೇ ಈ ಮನೆಗೆ ಸೊಸೆಯಾಗಿ ಬಂದವಳು. ಕೃಷ್ಣೆ, ದೂಧಗಂಗೆ ಯಾರ ಅಪ್ಪಣೆಯನ್ನೂ ಕೇಳದೆ ದಾಟಿ ಬರುತ್ತವೆ. ಸ್ಪೇನ್ ದೇಶದ ಭಾಷೆ ಎರಡು ಸಮುದ್ರ ದಾಟಿ ಚಿಕ್ಕೋಡಿಗೆ ಬಂತು. ಅದು ಅಲ್ಲಿಂದ ಕೊಲ್ಲಾಪುರಕ್ಕೆ ಹೋಗಲಾರದೆಂದರೆ ನಾನು ಯಾವ ಭೂಗೋಳ ಓದಬೇಕು?

ಹೋಗಲಿ, ಐವರನ್ನು ನಾನೇ ಹುಡುಕುತ್ತೇನೆ ಎಂದು ಹೊರಟೆ. ಚಿಕ್ಕಪ್ಪನ ಮಗ ಪಾರಿಸ, ಗೆಳತಿ ಅಕ್ಕುತಾಯಿ, ಇನ್ನಿಬ್ಬರು ಸೇರಿದರು. ಪಾರಿಸನಿಗೆ ಸ್ಪ್ಯಾನಿಷಿನಲ್ಲಿ ಬರುತ್ತಿದ್ದದ್ದು ತನ್ನ ಹೆಸರೊಂದೇ. "ಆಯಿ ಉಪ್ಪಿನ ಸಲುವಾಗಿ ನಾ ನಪಾಸ ಆಗಾಕ ತಯಾರದೀನಿ" ಎಂದ. ಅವನ ದೊಡ್ಡ ಮನಸ್ಸಿಗೆ ನೀವು ಕೊಟ್ಟ ಉತ್ತರ ಇದು: ಉನ್ನತ ಮಟ್ಟಕ್ಕೆ ಕೂರುವವರು ಪ್ರಾರಂಭಿಕ ಮತ್ತು ಮಾಧ್ಯಮಿಕ ಮಟ್ಟ ಮುಗಿಸಿರಬೇಕು. ಸರಿ, ಪ್ರಾರಂಭಿಕಕ್ಕೆ ಹೆಸರು ಹಚ್ಚಿಕೊಳ್ಳಿ ಎಂದೆವು. ಬೋಧಕರಿಲ್ಲದ ಕಾರಣ ಚಿಕ್ಕೋಡಿಯಲ್ಲಿ ಪ್ರಾರಂಭಿಕ ಮಟ್ಟ ಮುಚ್ಚಿದೆ ಎಂದಿರಿ. ಹಾಗಿದ್ದರೆ ಉನ್ನತ ಮಟ್ಟವೂ ಮುಚ್ಚಿದೆ ಎಂದು ಬರೆದುಕೊಡಿ ಎಂದೆ. ಒಬ್ಬ ವಿದ್ಯಾರ್ಥಿನಿ ಇರುವುದರಿಂದ ಅದು ತೆರೆದಿದೆ ಎಂದಿರಿ. ನಾನೇ ಬಿಟ್ಟುಹೋಗುತ್ತೇನೆ, ಹೆಸರು ತೆಗೆಯಿರಿ ಎಂದೆ. ಒಮ್ಮೆಯಾದರೂ ಆ ಮಟ್ಟದ ಪರೀಕ್ಷೆಗೆ ಕೂತವರ ಹೆಸರನ್ನು ಮಾತ್ರ ತೆಗೆಯಲು ಬರುತ್ತದೆ ಎಂದಿರಿ. ಅಬ್ಬಾ! ಇಲಿ ಹಿಡಿಯುವ ಬೋನು ಮಾಡುವವರು ನಿಮ್ಮ ಕಚೇರಿಗೆ ಬಂದು ಒಂದು ವಾರ ತರಬೇತಿ ಪಡೆಯಬೇಕು.

ಹೆಸರು ತೆಗೆಸಲು ಹೋದದ್ದು ನನ್ನ ಹುಂಬತನ. ಅದನ್ನು ಆಯಿಗೆ ಹೇಳಿದಾಗ ಆಕೆ ತಲೆ ಅಲ್ಲಾಡಿಸಿದಳು. "ಬಿಟ್ಟ ಬಂದ್ರ ಮುಗದಂಗ ಆಕ್ಕೈತೇನ? ನಾ ಮುಗಸೂ ತನಕಾ ಅಂದೀನಿ, ಬಿಡೂ ತನಕಾ ಅಂದಿಲ್ಲ." ಈ ವರ್ಷ ಬಂದಿರುವ ಮುನಿಗಳ ಬಳಿ ತಂದೆ ಆಯಿಯನ್ನು ಕರೆದುಕೊಂಡು ಹೋದರು. ನೇಮ ಕೊಟ್ಟ ಗುರುಗಳು ಸಮಾಧಿಮರಣ ಹೊಂದಿ ಆಗಲೇ ಎರಡು ವರ್ಷವಾಗಿತ್ತು. ಪ್ರಾಯಶ್ಚಿತ್ತ ಮಾಡಿಕೊಂಡು ನೇಮ ಇಳಿಸಬಹುದೆಂದು ಇವರು ಹೇಳಿದರು. ಆಯಿ ಎದ್ದು ನಮಸ್ಕಾರ ಮಾಡಿ, "ಪ್ರಾಯಶ್ಚಿತ್ತ ತಪ್ಪ ಮಾಡಿದವ್ರಿಗಿರಿ. ನಂದೇನ ತಪ್ಪೈತ್ರಿ?" ಎಂದು ಕೇಳಿದಳು. ತಪ್ಪು ಯಾರದು ಎಂದು ಮುನಿಗಳಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ.

ನನ್ನ ಸಂಗತಿಯನ್ನೂ ಒಂದಿಷ್ಟು ಕೇಳಿ. ಬಿ.ಎ. ಮುಗಿದು ಮೂರು ವರ್ಷವಾಯಿತು. ಓದು ಮುಗಿಯುವ ಮುಂಚೆ ಮದುವೆ ಮಾಡುವುದಿಲ್ಲವೆಂದು ತಂದೆ ಆಯಿಗೆ ಮಾತು ಕೊಟ್ಟಿದ್ದರು. ರಾಯಬಾಗದವರು ನಿಜವಾಗಿಯೂ ನೋಡಲು ಬಂದರು. ಹುಡುಗಿ ಇನ್ನೂ ಅದೇ ತರಗತಿಯಲ್ಲಿದ್ದಾಳೆಂದು ಕೇಳಿ, ವರ್ಷವರ್ಷವೂ ನಪಾಸಾಗುವ ದಡ್ಡಿ ಎಂದು ತಿಳಿದು, ಅವಲಕ್ಕಿ ತಿಂದು ಹೋದರು. ಅದಕ್ಕೆ ನನಗೆ ಅಳು ಬರಲಿಲ್ಲ. ಬೆಳಿಗ್ಗೆ ಎದ್ದರೆ ಹೋಗಲು ತರಗತಿಯಿಲ್ಲ, ಕೆಲಸ ಕೇಳಲು ಹೋದರೆ "ವ್ಯಾಸಂಗ ಮುಂದುವರಿದಿದೆಯಲ್ಲ" ಎನ್ನುತ್ತಾರೆ. ಮುಂದುವರಿಯದ ವ್ಯಾಸಂಗದಲ್ಲಿ ಮುಂದುವರಿಯುತ್ತಿದ್ದೇನೆ. ಕಲಿತದ್ದು ಮರೆತುಹೋಗದಿರಲೆಂದು ಅದೇ ಪಾಠಗಳನ್ನು ಮತ್ತೆ ಮತ್ತೆ ಓದುತ್ತೇನೆ. ಎದುರಿಗೆ ಉತ್ತರ ಕೊಡುವ ಒಂದು ದನಿಯೂ ಇಲ್ಲ. ನಾನು ಪ್ರೀತಿಯಿಂದ ಕಲಿತ ಭಾಷೆ ಅದು. ಈಗ ಆ ಪುಸ್ತಕ ತೆರೆಯುವುದೇ ಬೇಡವೆನಿಸುತ್ತದೆ.

ಇಷ್ಟಿದ್ದರೂ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. ಬರೆಯುವಂತೆ ಮಾಡಿದ್ದು ಈ ಬೇಸಿಗೆ. ಮಧ್ಯಾಹ್ನದ ಬಿಸಿಲಲ್ಲಿ ಬಸದಿಯಿಂದ ಬರುತ್ತಿದ್ದ ಆಯಿ ಅಂಗಳದಲ್ಲಿ ಕುಸಿದಳು. ಕೈಕಾಲು ಸೆಟೆದುಕೊಂಡವು, ಮಾತು ತೊದಲಿತು, ನನ್ನನ್ನು ನೋಡಿ ಸತ್ತುಹೋದ ತನ್ನ ತಂಗಿಯ ಹೆಸರು ಹಿಡಿದು ಕರೆದಳು. ಜೀಪಿನಲ್ಲಿ ಮಲಗಿಸಿಕೊಂಡು ಚಿಕ್ಕೋಡಿಯ ದವಾಖಾನೆಗೆ ಓಡಿದೆವು. ಮೈಯಲ್ಲಿ ಉಪ್ಪಿನಂಶ ಇಳಿದುಹೋಗಿದೆ ಎಂದು ಡಾಕ್ಟರು ತಕ್ಷಣ ಬಾಟಲಿ ಏರಿಸಿದರು. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಆಯಿಗೆ ಎಚ್ಚರ ಬಂತು. ಮೊದಲು ತೋಳು ನೋಡಿಕೊಂಡಳು, ಆಮೇಲೆ ತಲೆಯ ಮೇಲೆ ತೂಗುತ್ತಿದ್ದ ಬಾಟಲಿ ನೋಡಿದಳು.

"ಇದರಾಗ ಏನೈತ್ರಿ ಡಾಕ್ಟರ?"

"ಉಪ್ಪಿನ ನೀರರಿ ಆಯಿ. ನಿಮಗದ ಬೇಕಾಗೇತಿ."

"ಬಾಯಾಗ ಒಲ್ಲೆ ಅಂದದ್ದು ತೋಳಾಗ ನಡೀತೈತೇನ್ರಿ? ತಗೀರಿ ಸೂಜಿ."

ಡಾಕ್ಟರಿಗೆ ನಗು ಬಂತು. ಆಕೆ ತಮಾಷೆ ಮಾಡುತ್ತಿಲ್ಲವೆಂದು ತಿಳಿಯುವಷ್ಟರಲ್ಲಿ ಆಯಿ ತಾನೇ ಸೂಜಿ ಕಿತ್ತಿದ್ದಳು. ಹಾಸಿಗೆಯ ಮೇಲೆ ರಕ್ತ ಹರಿಯಿತು. ಬರೀ ಗ್ಲೂಕೋಸನ್ನಾದರೂ ಕೊಡಿ ಎಂದು ತಂದೆ ಅಂಗಲಾಚಿದರು. ಅದರಿಂದ ಉಪ್ಪು ಇನ್ನೂ ತೆಳುವಾಗಿ ಜೀವಕ್ಕೇ ಬರುತ್ತದೆ ಎಂದರು ಡಾಕ್ಟರು. ನನ್ನನ್ನು ಹೊರಗೆ ಕರೆದು, "ಅರ್ಧಾ ಬಾಟ್ಲಿ ಹೋಗಿದ್ದಕ್ಕ ಈ ಸಲಾ ಉಳದಾರ. ಇನ್ನೊಮ್ಮಿ ಹಿಂಗಾದ್ರ ನನ್ನ ಕೈಯಾಗಿಲ್ಲವ್ವ" ಎಂದರು. ತನಗೆ ಅರಿವಿಲ್ಲದಾಗ ಮೈಗೆ ಸೇರಿದ ಆ ಅರ್ಧ ಬಾಟಲಿಗಾಗಿ ಆಯಿ ಮನೆಗೆ ಬಂದ ಮರುದಿನವೇ ಉಪವಾಸ ಮಾಡಿದಳು. ಅಂದಿನಿಂದ ಗೋಡೆ ಹಿಡಿದು ನಡೆಯುತ್ತಾಳೆ. ಮುಂದಿನ ಬೇಸಿಗೆಗೆ ಎಷ್ಟು ತಿಂಗಳಿದೆ ಎಂದು ನಾನು ದಿನವೂ ಎಣಿಸುತ್ತೇನೆ. ಆಕೆಗೆ ಏನಾದರೂ ಆದರೆ ಮರಣದ ದಾಖಲೆಯಲ್ಲಿ ವಯೋಸಹಜ ಎಂದು ಬರೆಯುತ್ತಾರೆ. ನಿಮ್ಮ ಕಚೇರಿಯ ಹೆಸರು ಅಲ್ಲೆಲ್ಲೂ ಬರುವುದಿಲ್ಲ.

ದವಾಖಾನೆಯಿಂದ ಬಂದ ವಾರ ತಂದೆ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಬಾವಿಯ ಕಟ್ಟೆಯ ಮೇಲೆ ಕೂತು, ನೆಲ ನೋಡುತ್ತ, "ಪರೀಕ್ಷಾ ಆತು, ಪಾಸಾದೆ ಅಂತ ಹೇಳಿಬಿಡ ಮಗಳ. ಈ ಸುತ್ತಲಿನ ಊರಾಗ ಆ ಭಾಷಾ ಬರಾವ್ರು ಯಾರದಾರ, ನಿನ್ನ ಸುಳ್ಳ ಹಿಡಿಯಾಕ?" ಎಂದರು. ನನ್ನ ತಂದೆ ಕಬ್ಬಿನ ತೂಕದಲ್ಲಿ ಕೂಡ ಸುಳ್ಳಾಡಿದವರಲ್ಲ. ಅವರ ಬಾಯಿಂದ ಆ ಮಾತು ಹೊರಡಿಸಿದ್ದು ನಿಮ್ಮ ನಿಯಮಾವಳಿ. ಅವರು ಹೇಳಿದ್ದು ನಿಜವೇ ಆಗಿತ್ತು. ಇದಕ್ಕಿಂತ ಸುಲಭದ ಸುಳ್ಳು ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಹುಡುಕಿದರೂ ನನ್ನನ್ನು ಪ್ರಶ್ನಿಸುವವರಿಲ್ಲ. ಬಾಬಾಸಾಹೇಬ ಸರ್ ಕೂಡ ಈಗ ಇಲ್ಲಿಲ್ಲ. ಆಯಿ ಮಾತ್ರ ನಾನು ಹೇಳಿದ್ದನ್ನು ಹೇಳಿದ ಕೂಡಲೇ ನಂಬುತ್ತಾಳೆ.

ಮೂರು ತಿಂಗಳು ನಾನು ಆ ಸುಳ್ಳನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡು ತಿರುಗಿದೆ. ಚಿಕ್ಕೋಡಿಗೆ ಹೋಗಿಬಂದಾಗಲೆಲ್ಲ ಆಯಿ ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತು "ಪರೀಕ್ಷಾದ ನಿಕಾಲ ಬಂತೇನ?" ಎಂದು ಕೇಳುತ್ತಾಳೆ. "ಇಲ್ಲ ಆಯಿ" ಎನ್ನುತ್ತೇನೆ. "ಬಂತು" ಎಂದರೆ ಮುಗಿಯಿತು, ಆಕೆ ಉಪ್ಪು ತಿನ್ನುತ್ತಾಳೆ, ಬದುಕುತ್ತಾಳೆ. ಆದರೆ ಆಕೆ ಇಷ್ಟು ವರ್ಷ ಜೀವ ಒತ್ತೆಯಿಟ್ಟು ಕಾಯ್ದ ನೇಮವನ್ನು ನಾನು ಆಕೆಯ ಕೈಯಿಂದಲೇ, ಆಕೆಗೆ ಗೊತ್ತಾಗದಂತೆ, ಮುರಿಸಿದಂತಾಗುತ್ತದೆ. ಆಕೆಯನ್ನು ಸಾಯಲು ಬಿಡುವುದೋ, ಆಕೆಗೆ ಮೋಸ ಮಾಡುವುದೋ? ಇಪ್ಪತ್ತೈದು ವರ್ಷದ ಮೊಮ್ಮಗಳಿಗೆ ನೀವು ಇಟ್ಟ ಉನ್ನತ ಮಟ್ಟದ ಪ್ರಶ್ನೆ ಇದು. ಪಠ್ಯದಲ್ಲಿ ಇರಲಿಲ್ಲ.

ನನ್ನ ಬೇಡಿಕೆ ಸಣ್ಣದು. ಒಬ್ಬ ಪರೀಕ್ಷಕರನ್ನು ಕಳಿಸಿ. ಅವರ ಬಸ್ಸಿನ ಖರ್ಚು, ಊಟ ನಮ್ಮ ಮನೆಯದು. ಊಟಕ್ಕೆ ಉಪ್ಪನ್ನೂ ಹಾಕುತ್ತೇವೆ. ನಾನು ಪಾಸಾಗುತ್ತೇನೆ, ಅದರ ಚಿಂತೆ ನಿಮಗೆ ಬೇಡ. ಅದು ಆಗದಿದ್ದರೆ ಸುಗಂಧಾ ಎಂಬ ವಿದ್ಯಾರ್ಥಿನಿಯ ಸ್ಪ್ಯಾನಿಷ್ ವ್ಯಾಸಂಗ ಮುಗಿದಿದೆ ಎಂದು ಒಂದು ಸಾಲು ಬರೆದು, ಸಹಿ ಹಾಕಿ, ಮೊಹರು ಒತ್ತಿ. ನಿಜಕ್ಕೂ ಮುಗಿದಿರುವುದನ್ನು ಮುಗಿದಿದೆ ಎನ್ನಲು ನಿಮಗೆ ಯಾವ ಕಾನೂನು ಅಡ್ಡ ಬರುತ್ತದೆ? ದೀಪಾವಳಿಗೆ ಚಾತುರ್ಮಾಸ ಮುಗಿಯುತ್ತದೆ. ಅಷ್ಟರೊಳಗೆ ಮಾಡಿ.

ಇದನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಏಕೆ ಕೊಟ್ಟೆ ಎಂದು ಹೇಳಿ ಮುಗಿಸುತ್ತೇನೆ. ಆಯಿಗೆ ಕನ್ನಡ ಓದಲು ಬರುತ್ತದೆ. ಈ ಪತ್ರಿಕೆ ನಮ್ಮ ಮನೆಗೆ ಬರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾಳೆ. ಇದನ್ನೂ ಓದುತ್ತಾಳೆ. ತಂದೆ ಬಾವಿಯ ಕಟ್ಟೆಯ ಮೇಲೆ ಹೇಳಿದ್ದು, ನಾನು ಮೂರು ತಿಂಗಳು ಯೋಚಿಸಿದ್ದು, ಎಲ್ಲ ಆಕೆಗೆ ಗೊತ್ತಾಗುತ್ತದೆ. ಇನ್ನು ಮೇಲೆ ನಾನು ಬರಿಗೈಯಲ್ಲಿ ಬಂದು "ಬಂತು" ಎಂದರೆ ಆಕೆ ನಂಬುವುದಿಲ್ಲ, ನಿಮ್ಮ ಮೊಹರು ತೋರಿಸು ಎನ್ನುತ್ತಾಳೆ. ಆಯಿಯನ್ನು ಉಳಿಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಆ ಒಂದು ಸುಳ್ಳು. ಅದನ್ನು ಇವತ್ತು ನಾನೇ ಕಳೆದುಕೊಂಡಿದ್ದೇನೆ. ಇನ್ನು ಉಳಿದವರು ನೀವೊಬ್ಬರೇ.

ಇಂತಿ,
ತಮ್ಮ ಉನ್ನತ ಮಟ್ಟದ ಏಕೈಕ, ಖಾಯಂ ವಿದ್ಯಾರ್ಥಿನಿ,
ಸುಗಂಧಾ ಜಿನ್ನಪ್ಪ ಚೌಗಲಾ
ಏಕಸಂಬಿ, ಆಗಸ್ಟ್ 1997